ಸಂಡೂರಿನ ಕೆಂಪು ಧೂಳು, ಅಣ್ಣನ ಬಿಳಿ ಅಂಗಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಈಗ ಬೆಳಗ್ಗೆ ಎಂಟು ಗಂಟೆ. ಆಗಲೇ ಬಿಸಿಲು ಚುರುಗುಟ್ಟುತ್ತಿದೆ. ನಾನು ಮಾಳಿಗೆ ಮೇಲೆ ಇದ್ದೀನಿ, ಕೈಯಲ್ಲಿ ನಮ್ಮಣ್ಣನ ಬಿಳಿ ಅಂಗಿ. ನಿನ್ನೆ ಬೈಕಿನಲ್ಲಿ ಸಂಡೂರಿಗೆ ಹೋಗಿ ಬಂದಿದ್ದಾನೆ. ಅದಿರಿನ ಲಾರಿ ಹಿಂದೆ ಹೋದರೆ ಅಂಗಿ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಕಾಲರ್ ಹತ್ತಿರದಿಂದ ತೋರಿಸ್ತೀನಿ. ಮಡಿಕೆಯೊಳಗೆ ಕುಂಕುಮ ಉದುರಿದ ಹಾಗೆ ಒಂದು ಗೆರೆ. ಜೇಬಿನ ಹೊಲಿಗೆಯಲ್ಲೂ ಅದೇ.

ಇದನ್ನು ಈಗಲೇ ನೀರಿಗೆ ಹಾಕಬೇಡಿ. ಈ ವಿಡಿಯೋದಲ್ಲಿ ಇದೊಂದು ಮಾತು ನೆನಪಿಟ್ಟುಕೊಂಡರೂ ಸಾಕು. ಇದು ಕಬ್ಬಿಣದ ಅದಿರಿನ ನುಣ್ಣನೆ ಪುಡಿ. ನೀರಿನಲ್ಲಿ ಕರಗುವುದಿಲ್ಲ. ಒದ್ದೆ ಮಾಡಿ ಉಜ್ಜಿದರೆ ನೂಲಿನ ಸಂದಿಯಲ್ಲಿ ಇನ್ನೂ ಒಳಗೆ ಹೋಗಿ ಕೂರುತ್ತೆ. ಅದಕ್ಕೇ ಒಣಗಿದ್ದಾಗಲೇ ಚೆನ್ನಾಗಿ ಜಾಡಿಸಿ. ಅಂಗಿ ತಿರುವಿ ಇನ್ನೊಂದು ಸಲ ಜಾಡಿಸಿ. ಕಾಲರಿಗೆ, ಹೊಲಿಗೆಗೆ ಹಳೆ ಹಲ್ಲುಜ್ಜುವ ಬ್ರಶ್. ನೋಡಿ, ಬಿಸಿಲಿನಲ್ಲಿ ಧೂಳು ಹೊಗೆಯ ಹಾಗೆ ಏಳುತ್ತಿದೆ. ಇಷ್ಟೆಲ್ಲಾ ಬಕೆಟ್‌ಗೆ ಹೋಗುತ್ತಿತ್ತು.

ಎರಡು ವರ್ಷದ ಹಿಂದೆ ನನಗೆ ಇದು ಗೊತ್ತಿರಲಿಲ್ಲ. ಅಪ್ಪ ಮದುವೆಗೆ ಅಂತ ಎತ್ತಿಟ್ಟಿದ್ದ ಬಿಳಿ ಅಂಗಿಗೆ ಇದೇ ಧೂಳು ತಗುಲಿತ್ತು. ಬಿಳಿ ಬಟ್ಟೆ ಅಂತ ಸೀದಾ ಬ್ಲೀಚ್‌ನಲ್ಲಿ ನೆನೆಸಿಬಿಟ್ಟೆ. ಎತ್ತಿ ನೋಡಿದರೆ ಕಂದು ಕಲೆ ಹಾಗೇ ಕಚ್ಚಿಕೊಂಡಿತ್ತು. ಬ್ಲೀಚ್ ಕಬ್ಬಿಣದ ಕಲೆ ತೆಗೆಯುವುದಿಲ್ಲ, ಕೆಲವು ಸಲ ಇನ್ನೂ ಗಟ್ಟಿ ಮಾಡುತ್ತೆ. ಅಪ್ಪ ಏನೂ ಅನ್ನಲಿಲ್ಲ, ಆದರೆ ಆ ಅಂಗಿ ಮತ್ತೆ ಹಾಕಲಿಲ್ಲ. ಇವತ್ತಿಗೂ ಬೇಜಾರಾಗುತ್ತೆ.

ಈಗ ಸೋಪಿನಲ್ಲಿ ಒಂದು ಸಲ ಒಗೆದೆ. ಉಳಿದ ಕಲೆಗೆ ನಿಂಬೆರಸ, ಮೇಲೆ ಒಂದು ಚಿಟಿಕೆ ಉಪ್ಪು. ಹುಳಿ ಕಬ್ಬಿಣವನ್ನು ನಿಧಾನಕ್ಕೆ ಬಿಡಿಸುತ್ತೆ. ಬಿಸಿಲಿಗೆ ಹರಡಿ, ಒಣಗುತ್ತಾ ಬಂದರೆ ಮತ್ತೆ ನಾಲ್ಕು ಹನಿ ಹಿಂಡಿ. ಗೇಟಿಗೆ, ತಂತಿಗೆ ತಾಗಿ ಆಗುವ ತುಕ್ಕಿನ ಕಲೆಗೂ ಇದೇ ಉಪಾಯ. ಬಣ್ಣದ ಬಟ್ಟೆ ಆದರೆ ಮೊದಲು ಒಳಹೊಲಿಗೆಯಲ್ಲಿ ಒಂದು ಹನಿ ಹಾಕಿ ನೋಡಿ. ನಿಂಬೆಹಣ್ಣಿನ ಜೊತೆ ಬ್ಲೀಚ್ ಮಾತ್ರ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಏಳುತ್ತೆ, ಉಸಿರಿಗೆ ಅಪಾಯ.

ಅದು ಬಿಸಿಲಿನಲ್ಲಿರಲಿ. ಇನ್ನೊಂದು ನನ್ನದೇ ಕುರ್ತಾ. ಒಗ್ಗಾಣಿ ಮಿರ್ಚಿ ತಿನ್ನುವಾಗ ಬಿದ್ದದ್ದು, ಎಣ್ಣೆ ಅರಿಶಿಣ ಎರಡೂ ಇದೆ. ಮೊದಲು ಎಣ್ಣೆ ಹೋಗಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಬೆರಳಲ್ಲಿ ಮೆತ್ತಗೆ ತಿಕ್ಕಿ, ಹತ್ತು ನಿಮಿಷ ಬಿಡಿ. ಆಮೇಲೆ ಬಟ್ಟೆ ಸೋಪು. ಅಯ್ಯೋ, ಹಳದಿ ಕಲೆ ಕೆಂಪಾಯಿತು! ಗಾಬರಿ ಆಗಬೇಡಿ. ಸೋಪಿನ ಕ್ಷಾರ ತಾಗಿದರೆ ಅರಿಶಿಣ ಕೆಂಪಗಾಗುತ್ತೆ, ಸೋಪು ಪೂರ್ತಿ ಹೋಗೋ ತನಕ ಜಾಲಿಸಿದರೆ ಮತ್ತೆ ಹಳದಿ. ಆ ಹಳದಿ ತೆಗೆಯುವ ಕೆಲಸ ಬಿಸಿಲಿನದು. ಅರಿಶಿಣದ ಬಣ್ಣ ಬೆಳಕಿಗೆ ತಾಳುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಬಿಸಿಲನ್ನು ನಾವೆಲ್ಲಾ ಬೈಯುತ್ತೇವೆ, ಆದರೆ ಅರಿಶಿಣದ ಕಲೆಗೆ ಇದಕ್ಕಿಂತ ಒಳ್ಳೆ ಔಷಧಿ ನನಗೆ ಸಿಕ್ಕಿಲ್ಲ. ಒದ್ದೆ ಇದ್ದಾಗಲೇ ಕಲೆ ಮೇಲೆ ಮಾಡಿ ಹರಡಿ.

ಹಾಂ, ಜೀನ್ಸ್. ನಮ್ಮೂರು ಜೀನ್ಸ್ ಹೊಲಿಯುವ ಊರು, ಮನೆಮನೆಯಲ್ಲೂ ಹೊಸ ಪ್ಯಾಂಟ್ ಇರುತ್ತೆ. ಆ ನೀಲಿ ಬಣ್ಣ ನೂಲಿನ ಹೊರಗಷ್ಟೇ ಅಂಟಿರುತ್ತೆ, ಅದಕ್ಕೇ ಬಿಡುತ್ತೆ. ಮೊದಲ ಕೆಲವು ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಿರಿ. ಬೇರೆ ಬಟ್ಟೆಗೆ ಬಣ್ಣ ಹತ್ತಿದರೆ ಒಣಗಲು ಬಿಡದೆ ಆಗಲೇ ಮತ್ತೆ ಒಗೆಯಬೇಕು. ರಕ್ತದ ಕಲೆಗೂ ತಣ್ಣೀರೇ. ಬಿಸಿನೀರು ಹಾಕಿದರೆ ರಕ್ತ ಅಲ್ಲೇ ಬೆಂದು ಅಂಟಿಕೊಳ್ಳುತ್ತೆ.

ಹನ್ನೊಂದು ಗಂಟೆ. ಮಾಳಿಗೆಯಲ್ಲಿ ಕಾಲಿಡೋಕೆ ಆಗ್ತಿಲ್ಲ. ಅಂಗಿ ತೊಳೆದು ತಂದೆ. ಕಾಲರ್ ನೋಡಿ, ಎಷ್ಟು ಬೆಳ್ಳಗಾಗಿದೆ! ಜೇಬಿನ ಹೊಲಿಗೆಯಲ್ಲಿ ಮಾತ್ರ ಕೂದಲಷ್ಟು ಕೆಂಪು ಉಳಿದಿದೆ. ಇನ್ನೊಂದು ನಿಂಬೆಹಣ್ಣು ಕೊಯ್ಯುತ್ತಿದ್ದೀನಿ.