ಮಗುವಿಗೆ ಒಂದು ಪೌಂಡ್, ತಾಯಿಗೆ ಬುದ್ಧಿಮಾತು

ನಮಸ್ಕಾರ. ಇಂಗ್ಲೆಂಡಿನ ಉತ್ತರದಲ್ಲಿ ಹಡರ್ಸ್‌ಫೀಲ್ಡ್ ಅಂತ ಒಂದು ಊರಿದೆ, ಉಣ್ಣೆ ಗಿರಣಿಗಳ ಊರು. 1904ರಲ್ಲಿ ಅಲ್ಲಿ ಬೆಂಜಮಿನ್ ಬ್ರಾಡ್‌ಬೆಂಟ್ ಮೇಯರ್ ಆದರು. ತಮ್ಮ ಲಾಂಗ್‌ವುಡ್ ಭಾಗದ ತಾಯಂದಿರಿಗೆ ಚೀಟಿ ಬರೆದುಕೊಟ್ಟರು: ನಿಮ್ಮ ಕೂಸಿಗೆ ಒಂದು ವರ್ಷ ತುಂಬಿದ ದಿನ ಒಂದು ಪೌಂಡ್ ಕೊಡುತ್ತೇನೆ.

ಯಾಕೆ ಅಂತೀರಾ? 1900ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ 1000 ಕೂಸುಗಳಲ್ಲಿ ಸುಮಾರು 150 ಕೂಸುಗಳು ಮೊದಲ ಹುಟ್ಟುಹಬ್ಬವನ್ನೇ ನೋಡುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಭೇದಿ. ಆಗ ಉದ್ದ ರಬ್ಬರ್ ಕೊಳವೆಯ ಹಾಲಿನ ಬಾಟಲಿ ಬರುತ್ತಿತ್ತು. ಮಗುವಿನ ಪಕ್ಕ ಇಟ್ಟರೆ ಸಾಕು, ಅದೇ ಚೀಪಿಕೊಳ್ಳುತ್ತಿತ್ತು. ಆದರೆ ಕೊಳವೆಯ ಒಳಗೆ ಬ್ರಷ್ ಹೋಗುತ್ತಿರಲಿಲ್ಲ. ನಿನ್ನೆಯ ಹಾಲು ಅಲ್ಲೇ ಕೊಳೆಯುತ್ತಿತ್ತು.

ಬ್ರಾಡ್‌ಬೆಂಟ್ ಹಣ ಕೊಟ್ಟು ಸುಮ್ನೆ ಕೂರಲಿಲ್ಲ. ಮಗು ಹುಟ್ಟಿದ 48 ಗಂಟೆಯೊಳಗೆ ನಗರಸಭೆಗೆ ತಿಳಿಸಬೇಕು ಅಂತ 1906ರಲ್ಲಿ ಆ ಊರಿಗೇ ಒಂದು ಕಾನೂನು ಬಂತು. ಸುದ್ದಿ ಸಿಕ್ಕ ಕೂಡಲೇ ಆರೋಗ್ಯ ಇಲಾಖೆಯ ಮಹಿಳೆಯರು ಮನೆಗೆ ಹೋಗುತ್ತಿದ್ದರು. ಮರುವರ್ಷ ಇಂಥದ್ದೇ ಕಾನೂನು ದೇಶಕ್ಕೂ ಬಂತು, ಆದರೆ ಬೇಕಾದ ಊರು ಒಪ್ಪಿಕೊಳ್ಳಬಹುದು ಅನ್ನುವ ಷರತ್ತಿನ ಮೇಲೆ. ಎಲ್ಲ ಕಡೆ ಕಡ್ಡಾಯವಾಗಿದ್ದು 1915ರಲ್ಲಿ. ಒಂದು ಊರಿನ ನಗರಸಭೆ ಇಷ್ಟು ಮಾಡಿತಲ್ಲ, ನನಗೆ ಅದರ ಬಗ್ಗೆ ನಿಜವಾದ ಗೌರವ ಇದೆ.

ಆದರೆ ನನ್ನ ತಕರಾರು ಒಂದಿದೆ. ತಾಯಿಗೆ ತಿಳುವಳಿಕೆ ಕಡಿಮೆ ಅನ್ನುವ ಹಾಗೆ, ಬಂದವರು ಅವಳಿಗೆ ಕೊಟ್ಟಿದ್ದು ಜಾಸ್ತಿ ಬುದ್ಧಿಮಾತು. ಬಾಟಲಿ ತೊಳಿ, ಎದೆಹಾಲು ಕೊಡು, ಕಿಟಕಿ ತೆಗಿ. ಎಲ್ಲ ಸರಿಯೇ. ಆದರೆ ಅವಳು ಊಟ ಮಾಡಿದ್ದಾಳಾ? ಅದನ್ನು ಕೇಳಿದವರು ಕಡಿಮೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ 1907ರಲ್ಲಿ ಶುರುವಾದ ತಾಯಂದಿರ ಶಾಲೆ ಕೇಳಿತು. ಪಾಠದ ಜೊತೆಗೆ ಅಲ್ಲಿ ಅಗ್ಗದ ಊಟವನ್ನೂ ಬಡಿಸುತ್ತಿದ್ದರು.

ಇನ್ನು ಹಣದ ವಿಷಯ. ದುಡಿಯುವವರಿಗೆಂದು ಬಂದ 1911ರ ವಿಮೆ ಕಾನೂನು ಹೆರಿಗೆಗೆ 30 ಶಿಲ್ಲಿಂಗ್, ಅಂದರೆ ಒಂದೂವರೆ ಪೌಂಡ್, ಇಟ್ಟಿತು. ಹೆರುವವಳು ಅವಳು, ಆದರೆ ಹಣ ಗಂಡನ ವಿಮೆಯ ಲೆಕ್ಕಕ್ಕೆ. ಮಾರ್ಗರೆಟ್ ಲೆವೆಲಿನ್ ಡೇವಿಸ್ ಮುನ್ನಡೆಸುತ್ತಿದ್ದ ಮಹಿಳಾ ಸಹಕಾರಿ ಸಂಘ ಜಗಳಕ್ಕೆ ನಿಂತಿತು. 1913ರಲ್ಲಿ ತಿದ್ದುಪಡಿಯಾಗಿ ಆ ಹಣ ತಾಯಿಯದ್ದಾಯಿತು. ಇದೇ ಸಂಘ ತನ್ನ ಸದಸ್ಯೆಯರಿಂದ ಪತ್ರ ಬರೆಸಿ 1915ರಲ್ಲಿ ಅಚ್ಚು ಹಾಕಿಸಿತು. ಗಂಡನಿಗೆ, ಮಕ್ಕಳಿಗೆ ಬಡಿಸಿ ತಾವು ಅರೆಹೊಟ್ಟೆಯಲ್ಲಿ ಇದ್ದದ್ದು, ತುಂಬು ಬಸುರಿಯಾಗಿಯೂ ದುಡಿದದ್ದು, ಹೆತ್ತ ಕೆಲವೇ ದಿನಕ್ಕೆ ಬಟ್ಟೆ ಒಗೆಯಲು ಎದ್ದದ್ದು, ಎಲ್ಲವನ್ನೂ ಅವರೇ ಬರೆದಿದ್ದಾರೆ. ಇವರಿಗೆ ತಿಳುವಳಿಕೆ ಕಡಿಮೆ ಅಂತ ಹೇಗೆ ಹೇಳುವುದು?

1918ರ ಕಾನೂನು ನಗರಸಭೆಗಳಿಗೆ ಹೆರಿಗೆ ಮನೆ, ಹಾಲು, ಮನೆಗೆಲಸಕ್ಕೆ ಆಳು ಒದಗಿಸುವ ಅಧಿಕಾರ ಕೊಟ್ಟಿತು. ಆದರೆ ಎಷ್ಟು ಮಾಡುವುದು ಅನ್ನುವುದು ಬಹುಮಟ್ಟಿಗೆ ಆಯಾ ಊರಿನ ಮನಸ್ಸಿಗೆ ಬಿಟ್ಟಿದ್ದು.

ಲೆಕ್ಕ ನೋಡಿ. 1930ರ ಹೊತ್ತಿಗೆ ಕೂಸುಗಳ ಸಾವು 1000ಕ್ಕೆ ಸುಮಾರು 60ಕ್ಕೆ ಇಳಿದಿತ್ತು. ಹೆರಿಗೆಯಲ್ಲಿ ತಾಯಂದಿರ ಸಾವು ಮಾತ್ರ ಶತಮಾನದ ಶುರುವಿನಲ್ಲಿ ಇದ್ದಂತೆಯೇ, 1000ಕ್ಕೆ 4ರ ಮೇಲೆಯೇ. ಬಾಣಂತಿ ನಂಜಿಗೆ ಸಲ್ಫಾ ಔಷಧಿ ಬಂದ ಮೇಲೆ, 1930ರ ದಶಕದ ಕೊನೆಯಲ್ಲಿ ಅದು ಇಳಿಯತೊಡಗಿತು. ಸಂಬಳದ ಸೂಲಗಿತ್ತಿಯರನ್ನು ಒದಗಿಸುವುದು ಸ್ಥಳೀಯ ಆಡಳಿತದ ಹೊಣೆ ಅಂತ ಕಾನೂನು ಹೇಳಿದ್ದು 1936ರಲ್ಲಿ. ಬ್ರಾಡ್‌ಬೆಂಟ್ ಚೀಟಿ ಬರೆದು ಆಗಲೇ ಮೂವತ್ತು ವರ್ಷ ದಾಟಿತ್ತು.