ಮಕ್ಕಳ ಬಾಯಿಗೂ ಒಂದು ಹೊಳವು ಬೇಕು ಮಾರಾಯ್ರೆ

ನಮಸ್ಕಾರ, ಬದಿಯಡ್ಕದಿಂದ ಮಾತಾಡ್ತಾ ಇದ್ದೇನೆ. ಹೊರಗೆ ಮಳೆ ಜೋರಾಗಿದೆ. ಹಂಚಿನ ಮೇಲಿನ ಸದ್ದು ಮೈಕಿಗೆ ಬಿದ್ದರೆ ಸ್ವಲ್ಪ ಸಹಿಸಿಕೊಳ್ಳಿ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ. ಅದು ಹಾಗೇ ಇರಲಿ. ಮೊನ್ನೆ ಬಸ್ಸಿನಲ್ಲಿ ನೋಡಿದ್ದು ತಲೆಯಿಂದ ಹೋಗ್ತಾ ಇಲ್ಲ.

ಕಾಸರಗೋಡಿನಲ್ಲಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಒಬ್ಬರು ತಾಯಿ, ಮಡಿಲಲ್ಲಿ ಮೂರು ವರ್ಷದ ಪುಟ್ಟ ಹುಡುಗಿ. ಅವಳ ಕೈಯಲ್ಲಿ ಮಾವಿನ ಜ್ಯೂಸಿನ ಪ್ಯಾಕೆಟ್. ವಿದ್ಯಾನಗರದಲ್ಲಿ ಒಂದು ಗುಟುಕು. ಚೆರ್ಕಳದಲ್ಲಿ ಒಂದು ಗುಟುಕು. ಎಡನೀರು ಬರುವಾಗ ಸ್ಟ್ರಾ ಕಚ್ಚಿಕೊಂಡೇ ನಿದ್ದೆ. ಬಸ್ಸು ಕುಲುಕಿ ಎಚ್ಚರವಾದಾಗ ಮತ್ತೊಂದು ಗುಟುಕು. ನಾನು ಇಳಿಯುವಾಗಲೂ ತಳದಲ್ಲಿ ಸ್ವಲ್ಪ ಉಳಿದಿತ್ತು. ಆ ಮಗು ನನ್ನ ಕಡೆ ತಿರುಗಿ ನಕ್ಕಿತು. ಮೇಲಿನ ಮುಂದಿನ ನಾಲ್ಕೂ ಹಲ್ಲು ಸವೆದು, ಕಂದು ಬಣ್ಣದ ಮೊಳೆಯ ಹಾಗೆ ನಿಂತಿದ್ದವು. ಪಕ್ಕದಲ್ಲಿದ್ದ ಹಿರಿಯರು ಸಮಾಧಾನ ಹೇಳಿದರು: "ಹಾಲುಹಲ್ಲು ಅಲ್ವಾ, ಹೇಗೂ ಬೀಳುವ ಹಲ್ಲು."

ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನನ್ನ ಸಿಟ್ಟೆಲ್ಲ ಆ "ಬೀಳುವ ಹಲ್ಲು" ಅನ್ನೋ ಮಾತಿನ ಮೇಲೆ.

ಇವತ್ತು ನಾನು ಹೇಳುವುದು ಒಂದೇ. ಮಗು ಎಷ್ಟು ಸಿಹಿ ತಿಂತು ಅನ್ನೋದು ಆಮೇಲೆ. ಎಷ್ಟು ಸಲ ತಿಂತು ಅನ್ನೋದು ಮೊದಲು. ಬಾಯಿಗೆ ಹೊಳವು ಕೊಡಿ. ಘಟ್ಟದ ಮೇಲಿಂದ ಕೇಳುತ್ತಿರುವವರಿಗೆ ಹೇಳ್ತೇನೆ, ಮಳೆ ನಿಂತು ಸ್ವಲ್ಪ ಬೆಳಕಾಗುತ್ತದಲ್ಲ, ಆ ಹೊತ್ತಿಗೆ ನಮ್ಮಲ್ಲಿ ಹೊಳವು ಅಂತಾರೆ. ಅಡಿಕೆಗೆ ಮದ್ದು ಬಿಡುವವರು ಅದಕ್ಕಾಗಿ ಆಕಾಶ ನೋಡಿಕೊಂಡು ಕೂತಿರುತ್ತಾರೆ. ಹೊಳವು ಸಿಗದೆ ಬಿಟ್ಟ ಮದ್ದು ತೊಳೆದು ಹೋಯಿತು ಅಂತಲೇ ಲೆಕ್ಕ.

ಮದ್ದು ಅಂದದ್ದಕ್ಕೆ ನೆನಪಾಯಿತು. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಅದರ ನೀರು ಹುಳಿ. ಅದಕ್ಕೆ ಸುಣ್ಣ ಸೇರಿಸಿ ಹುಳಿ ಕಳೆಯುತ್ತೇವೆ. ಕತ್ತಿಯ ಮೊನೆ ಅದ್ದಿ ನೋಡುತ್ತೇವೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹುಳಿ ಉಳಿದ ಮದ್ದು ಹಿಂಗಾರವನ್ನೇ, ಅಂದರೆ ಅಡಿಕೆಯ ಹೂಗೊನೆಯನ್ನೇ ಸುಟ್ಟೀತು ಅಂತ ಇಷ್ಟೆಲ್ಲ ಜಾಗ್ರತೆ. ಮಗುವಿನ ಬಾಯಲ್ಲಿ ಈ ಸುಣ್ಣದ ಕೆಲಸ ಮಾಡುವುದು ಯಾವುದು ಗೊತ್ತಾ? ಬಾಯಿನೀರು.

ಅದಕ್ಕೆ ನಮ್ಮಲ್ಲಿ ಮರ್ಯಾದೆಯ ಹೆಸರೇ ಇಲ್ಲ ನೋಡಿ. ಜೊಲ್ಲು ಅಂದರೆ ನಗುತ್ತಾರೆ. ಎಂಜಲು ಅಂದರೆ ದೂರ ಸರಿಯುತ್ತಾರೆ. ಉಗುಳು ಅಂದರೆ ಬೈದ ಹಾಗೆ ಕೇಳುತ್ತದೆ. ಆದರೆ ಹಲ್ಲಿಗೆ ಅದರಷ್ಟು ಆಪ್ತರು ಬೇರೆ ಯಾರೂ ಇಲ್ಲ. ಅದರಲ್ಲಿರುವ ಬೈಕಾರ್ಬನೇಟ್ ಹುಳಿಯನ್ನು ಕಳೆಯುತ್ತದೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಹಲ್ಲಿನಿಂದ ಹೋದ ಖನಿಜವನ್ನು ಮತ್ತೆ ತುಂಬುತ್ತವೆ. ಉಜ್ಜಿ ತೊಳೆದ ಹಲ್ಲಿನ ಮೇಲೆ ಕೆಲವೇ ನಿಮಿಷದಲ್ಲಿ ತೆಳ್ಳನೆಯ ಪ್ರೋಟೀನ್ ಪೊರೆ ಕೂರಿಸುವುದೂ ಅದೇ.

ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಹಾಗಾಗಿ ಸ್ವಲ್ಪ ಲೆಕ್ಕ ಕೇಳಿ. ಹಲ್ಲಿನ ಮೇಲಿನ ಬಿಳಿ ಗಟ್ಟಿ ಕವಚ ಎನಾಮೆಲ್. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಭಾಗ ಖನಿಜ, ಹೆಸರು ಹೈಡ್ರಾಕ್ಸಿಅಪಟೈಟ್. ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 7 ಇರುವಾಗ ಎನಾಮೆಲ್ ಬಂಡೆ. ಸಿಹಿ ಬಿದ್ದ ಕೂಡಲೇ ಹಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ನಿಮಿಷಗಳಲ್ಲಿ ಪಿಎಚ್ 5.5ಕ್ಕಿಂತ ಕೆಳಗೆ ಇಳಿಯುತ್ತದೆ. ಒಂದೂವರೆ ಅಷ್ಟೇ ತಾನೇ ಅನ್ನಬೇಡಿ, ಈ ಅಳತೆಯಲ್ಲಿ ಒಂದು ಇಳಿದರೆ ಹತ್ತು ಪಟ್ಟು, ಒಂದೂವರೆ ಅಂದರೆ ಸುಮಾರು 30 ಪಟ್ಟು ಹುಳಿ. ಆಗ ಎನಾಮೆಲ್ ಕರಗಲು ಶುರು. ಬಾಯಿನೀರು ಇದನ್ನು ಸರಿ ಮಾಡುತ್ತದೆ, ಖಂಡಿತ ಮಾಡುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಒಂದು ಗಂಟೆಯೇ ಹೊಳವು. ಚೆರ್ಕಳದಲ್ಲಿ ಒಂದು ಗುಟುಕು, ಎಡನೀರಿನಲ್ಲಿ ಇನ್ನೊಂದು ಗುಟುಕು ಕೊಟ್ಟರೆ ಹೊಳವು ಎಲ್ಲಿ ಬಂತು? ಅದೇ ಪ್ಯಾಕೆಟನ್ನು ಊಟದ ಜೊತೆ ಐದು ನಿಮಿಷದಲ್ಲಿ ಕುಡಿದು ಮುಗಿಸಿದ್ದರೆ ಹಲ್ಲಿಗೆ ಒಂದೇ ಏಟು. ಸಕ್ಕರೆ ಅಷ್ಟೇ. ಹಾನಿ ಅಷ್ಟೇ ಅಲ್ಲ.

ಇದು ನನ್ನ ಸ್ವಂತ ಊಹೆ ಅಲ್ಲ. 1890ರಲ್ಲೇ ಮಿಲ್ಲರ್ ಎಂಬ ದಂತವೈದ್ಯ ಈ ಹುಳಿಯ ಕಥೆ ಬರೆದಿಟ್ಟ. ಬ್ರೆಡ್ಡಿಗೆ ಬಾಯಿನೀರು ಬೆರೆಸಿ, ಮೈ ಬಿಸಿಯಲ್ಲಿಟ್ಟು, ಅದರಲ್ಲಿ ಹಲ್ಲು ಮುಳುಗಿಸಿದ. ಹಲ್ಲು ಕರಗಿತು. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಎಂಬ, ಬುದ್ಧಿ ಬೆಳವಣಿಗೆ ಕುಂಠಿತವಾದವರ ಆಸ್ಪತ್ರೆಯಲ್ಲಿ ರೋಗಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಕ್ಕರೆ ಕೊಟ್ಟು ನೋಡಿದರು. ಒಪ್ಪಿಗೆ ಕೊಡಲು ಆಗದವರ ಮೇಲೆ ಮಾಡಿದ ಪ್ರಯೋಗ ಅದು. ಓದುವಾಗ ಹೊಟ್ಟೆ ಉರಿಯುತ್ತದೆ. ಆ ಬಡಪಾಯಿಗಳ ಹಲ್ಲು ಹೇಳಿದ್ದನ್ನಾದರೂ ನಾವು ಕೇಳಬೇಡವೇ? ಊಟದ ಜೊತೆ ಸಕ್ಕರೆ ತಿಂದವರಿಗೆ ಹುಳುಕು ಅಷ್ಟೇನೂ ಹೆಚ್ಚಲಿಲ್ಲ. ಊಟದ ನಡುನಡುವೆ ಅಂಟುವ ಟಾಫಿ ತಿಂದವರ ಹಲ್ಲು ಸಾಲು ಸಾಲಾಗಿ ಹೋಯಿತು. ಎಷ್ಟು ಸಲ! ಅದೇ ನಾನು ಹೇಳ್ತಾ ಇರೋದು.

ಕಳೆದ ವಾರ ತಂಗಿಯ ಮಗನನ್ನು ಮಡಿಲಲ್ಲಿ ಮಲಗಿಸಿ, ಮೊಬೈಲಿನ ಟಾರ್ಚ್ ಹಾಕಿ, ಮೇಲಿನ ತುಟಿ ಎತ್ತಿ ನೋಡಿದೆ. ಎರಡು ವರ್ಷ ಅವನಿಗೆ. ಒಸಡಿನ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಎಳೆದ ಹಾಗೆ ಒಂದು ಬಿಳಿ ಗೆರೆ. ಹೊಳಪಿಲ್ಲ, ಮಂಕು. ಅದೇ ಮೊದಲ ಗುರುತು. ಆದರೆ ಕೆಳಗಿನ ಮುಂದಿನ ಹಲ್ಲು ನೋಡಿದರೆ ಮುತ್ತು! ಅದೇ ಬಾಯಿ, ಅದೇ ಹಾಲು. ಯಾಕೆ ಹಾಗೆ? ಬಾಟಲಿ ಚೀಪುವಾಗ ನಾಲಿಗೆ ಕೆಳಗಿನ ಹಲ್ಲನ್ನು ಮುಚ್ಚಿಕೊಂಡಿರುತ್ತದೆ. ನಾಲಿಗೆಯ ಅಡಿಯಲ್ಲೇ ಬಾಯಿನೀರಿನ ಒರತೆ ಬೇರೆ. ನೀರು ಸಿಕ್ಕ ಹಲ್ಲು ಉಳಿಯಿತು. ಸಿಗದ ಹಲ್ಲು ಬೆಳ್ಳಗಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಆ ಬಿಳಿ ಗೆರೆ ಇರುವಾಗ ಇನ್ನೂ ಹಿಂದೆ ಬರಬಹುದು. ಗುಂಡಿ ಬಿದ್ದ ಮೇಲೆ ಇಲ್ಲ.

ತಂಗಿ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಕೊಟ್ಟು ಮಲಗಿಸುತ್ತಿದ್ದಳು. ನಿದ್ದೆಯಲ್ಲಿ ಬಾಯಿನೀರು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಸುಣ್ಣ ಇಲ್ಲ, ಬರೀ ಮೈಲುತುತ್ತು. ಅಡಿಕೆ ಮರಕ್ಕೆ ಹಾಗೆ ಬಿಡ್ತೀರಾ? ಮಗುವಿನ ಬಾಯಿಗೆ ಬಿಡ್ತೀರಲ್ಲ!

ಅರ್ಧ ಆಯಿತು, ಒಂದು ಮಾತು. ಈ ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ. ಗಡಿಯಲ್ಲಿ ಕೂತು ಕನ್ನಡದಲ್ಲಿ ವಿಜ್ಞಾನ ಮಾತಾಡುವವರು ಜಾಸ್ತಿ ಇಲ್ಲ. ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಕಳಿಸಿ, ಅಲ್ಲೇ ಇರುವುದು "ಬೀಳುವ ಹಲ್ಲು" ಅನ್ನುವ ಮಾವಂದಿರು.

ಒಬ್ಬ ಅಣ್ಣ ವಾಯ್ಸ್ ಕಳಿಸಿದ್ದಾರೆ. "ನಾವೆಲ್ಲ ಬೆಲ್ಲ ತಿಂದೇ ಬೆಳೆದವರು, ಟೀಚರೇ." ಅಣ್ಣಾ, ನಿಮ್ಮ ಮನೆಗೆ ಬಂದವರಿಗೆ ಬೆಲ್ಲದ ತುಂಡಿನ ಜೊತೆ ಒಂದು ಚೊಂಬು ನೀರು ಕೊಡ್ತಿದ್ರಲ್ಲ? ತಿಂದು, ನೀರು ಕುಡಿದು ಮುಗಿಸೋದು. ಇಡೀ ಮಧ್ಯಾಹ್ನ ಬೆಲ್ಲ ಚೀಪುತ್ತಾ ಕೂತಿದ್ರಾ? ಮಾಲೆಯ ಹಾಗೆ ಪ್ಯಾಕೆಟ್ ತೂಗುವ ಅಂಗಡಿ ಶಾಲೆಯ ಎದುರು ಇತ್ತಾ?

ಇನ್ನೊಬ್ಬರು, "ಬಿಸ್ಕೆಟಿನಲ್ಲಿ ಏನು ಮಹಾ ಸಿಹಿ?" ಅವಲಕ್ಕಿ ಬಾಯಿಗೆ ಹಾಕಿ ಸುಮ್ನೆ ಜಗಿಯುತ್ತಾ ಇರಿ. ಸಿಹಿ ಆಗುತ್ತದೆ. ಬಾಯಿನೀರಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಬಿಸ್ಕೆಟಿನ ಹಿಟ್ಟು ದವಡೆ ಹಲ್ಲಿನ ಸಂದಿಯಲ್ಲಿ ಅಂಟಿ ಕೂತರೆ ಅಲ್ಲೂ ಇದೇ ಆಗುವುದು.

"ಹಲ್ಲು ಉಜ್ಜಿಸ್ತೇವಲ್ಲ" ಅಂತೀರಾ? ಉಜ್ಜಿಸಲೇಬೇಕು. 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ ಫ್ಲೋರೈಡ್ ಇರುವ ಪೇಸ್ಟ್, ಮೂರು ವರ್ಷದ ಒಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಉಗುಳಿದರೆ ಸಾಕು, ಬಾಯಿ ಮುಕ್ಕಳಿಸಿ ಫ್ಲೋರೈಡ್ ಕಳೆಯಬೇಡಿ. ಆದರೆ ಎರಡು ಸಲ ಉಜ್ಜಿ ಹತ್ತು ಸಲ ಹುಳಿ ಹಾಕಿದರೆ ಪಾಪ, ಬ್ರಷ್ ಏನು ಮಾಡೀತು?

ಮತ್ತೆ ಆ ಬೀಳುವ ಹಲ್ಲು! ಹಿಂದಿನ ಹಾಲುದವಡೆ ಬೀಳುವುದು ಹತ್ತು, ಹನ್ನೆರಡು ವರ್ಷಕ್ಕೆ. ಅಷ್ಟು ವರ್ಷ ಆ ಮಗು ನೋವಿನಲ್ಲಿ ಅನ್ನ ಜಗಿಯಬೇಕಾ? ರಾತ್ರಿ ಎದ್ದು ಅಳಬೇಕಾ? ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ಎಷ್ಟೋ ತೆಳು. ಬೇಗ ತೂತಾಗುತ್ತದೆ. ಬೀಳುವ ಹಲ್ಲಂತೆ!

ಸಿಹಿ ಬೇಡ ಅಂತ ನಾನು ಒಂದು ಸಲವೂ ಅಂದಿಲ್ಲ. ಮಧೂರು ದೇವಸ್ಥಾನಕ್ಕೆ ಹೋದರೆ ಪ್ರಸಾದದ ಸಿಹಿ ಅಪ್ಪ ಕೊಡಿ. ಒಂದಲ್ಲ, ಎರಡು ಕೊಡಿ! ಕೂರಿಸಿ, ತಿನ್ನಿಸಿ, ನೀರು ಕುಡಿಸಿ. ಅಷ್ಟೇ. ಪೊಟ್ಟಣ ಕೈಯಲ್ಲಿ ಕೊಟ್ಟು ಇಡೀ ದಾರಿ ಚೂರು ಚೂರು ಕಚ್ಚಿಸಬೇಡಿ. ಅತ್ತರೆ ಎತ್ತಿಕೊಳ್ಳಿ. ಹಸಿವಾದರೆ ತಿಂಡಿ ಕೊಡಿ. ಬಾಯಾರಿದರೆ ನೀರು ಕೊಡಿ, ಬರೀ ನೀರು, ಮಾರಾಯ್ರೆ, ನೀರು!

ಸಾಕು, ಗಂಟಲು ಒಣಗಿತು. ಮುಂದಿನ ಭಾನುವಾರ ಸಂಜೆ ಆರಕ್ಕೆ ಬರ್ತೇನೆ. ಅಷ್ಟರೊಳಗೆ ನಿಮ್ಮ ಮಗುವಿನ ಮೇಲಿನ ತುಟಿ ಎತ್ತಿ ನೋಡಿ. ಬಿಳಿ ಗೆರೆ ಕಂಡರೆ ಕಾಯಬೇಡಿ, ನಾಳೆಯೇ ದಂತವೈದ್ಯರ ಹತ್ತಿರ ಹೋಗಿ. ನಾಳೆ ಮಳೆ ಇದ್ದರೂ ಹೋಗಿ.