ಸಾವಿರ ಸಲ ಅಳಿಸುವ ಡಿಸ್ಕ್ ಯಾರಿಗೆ ಬೇಕು?

ಗದಗ-ಬೆಟಗೇರಿಯ ಪ್ರೆಸ್ಸಿನ ಗೆಳೆಯರೇ, ಸ್ಟುಡಿಯೋದವರೇ, ಡಿಟಿಪಿ ಮಾಡುವ ಅಕ್ಕ-ತಂಗಿಯರೇ, ನಮಸ್ಕಾರ.

ಬ್ಯಾಕಪ್‌ಗೆ ಡಿಸ್ಕ್ ಕೊಳ್ಳಲು ಹೋದರೆ ಮೊದಲು ಕಣ್ಣು ಬೀಳುವುದೇ ಆರ್‌ಡಬ್ಲ್ಯೂ, ಅಂದರೆ ಅಳಿಸಿ ತಿರುಗಿ ಬರೆಯಬಹುದಾದ ಡಿಸ್ಕ್ ಮೇಲೆ. "ಸಾವಿರ ಸಲ ಅಳಿಸಿ ಬರೀಬಹುದಂತ್ರೀ, ಒಂದು ತಗೊಂಡ್ರ ಆತಲ್ಲ" ಅನ್ನುತ್ತಾರೆ. ಲೆಕ್ಕವೇನೋ ಸರಿ. ಆದರೆ ಬ್ಯಾಕಪ್ ಇಡುವುದೇ ಅಳಿಸಿ ಹೋಗಬಾರದು ಅಂತ, ಅಲ್ವಾ?

ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್ ಒಳಗೆ ಒಂದು ಬಣ್ಣದ ಪದರ ಇರುತ್ತದೆ. ಲೇಸರ್ ಅದನ್ನು ಅಲ್ಲಲ್ಲಿ ಸುಡುತ್ತದೆ. ಸುಟ್ಟದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಆರ್‌ಡಬ್ಲ್ಯೂನಲ್ಲಿ ಬಣ್ಣದ ಬದಲು ಬೆರಕೆ ಲೋಹ. ಸಿಡಿಯಲ್ಲಾದರೆ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯುರಿಯಂ. ಲೇಸರಿನ ಬಿಸಿಗೆ ಅದು ಒಮ್ಮೆ ಹರಳಾಗುತ್ತದೆ, ಒಮ್ಮೆ ಹರಳಿನ ರೂಪ ಬಿಡುತ್ತದೆ. ಅದಕ್ಕೇ ತಿರುಗಿ ಬರೆಯಲು ಬರುವುದು. ಆದರೆ ಸಿಡಿ-ಆರ್‌ಡಬ್ಲ್ಯೂ ಹೊಳಪು ಕಡಿಮೆ, ಹಳೇ ಡ್ರೈವ್‌ಗಳು ಓದಲು ತಕರಾರು ಮಾಡುತ್ತವೆ.

ಹೀಗಾಗಿ ಕೇಳಿಕೊಳ್ಳಬೇಕಾದ್ದು ಒಂದೇ: ಈ ಫೈಲ್ ಇನ್ನು ಬದಲಾಗುತ್ತದೋ ಇಲ್ಲವೋ? ಪ್ರೂಫ್ ನೋಡುತ್ತಿರುವ ಪುಸ್ತಕ, ದಿನಾ ತುಂಬುವ ಬಿಲ್ಲು, ಇವಕ್ಕೆ ಆರ್‌ಡಬ್ಲ್ಯೂ ಸಾಕು. ಅಚ್ಚಾಗಿ ಹೋದ ಕ್ಯಾಲೆಂಡರ್, ಮುಗಿದ ಮದುವೆಯ ಫೋಟೋ, ಇವಕ್ಕೆ ಒಮ್ಮೆ ಬರೆಯುವ ಡಿಸ್ಕೇ ಸರಿ. ಕಂಪ್ಯೂಟರಿಗೆ ವೈರಸ್ ಹೊಕ್ಕರೂ ಅದರಲ್ಲಿ ಬರೆದದ್ದನ್ನು ತಿದ್ದಲಾರದು. ಹುಡುಗರು ಅವಸರದಲ್ಲಿ 'ಫಾರ್ಮ್ಯಾಟ್' ಒತ್ತಿದರೂ ಅಳಿಯುವುದಿಲ್ಲ.

ಅಳತೆ ನಿಮಗೆ ಗೊತ್ತೇ ಇದೆ. ಸಿಡಿಗೆ 700 ಎಂಬಿ, ಡಿವಿಡಿಗೆ 4.7 ಜಿಬಿ. ಕಂಪ್ಯೂಟರ್ ಅದನ್ನೇ 4.38 ಅಂತ ತೋರಿಸಿದರೆ ಅಂಗಡಿಯವನ ಮೇಲೆ ಹರಿಹಾಯಬೇಡಿ, ಎಣಿಸುವ ರೀತಿ ಬೇರೆ ಅಷ್ಟೇ. 25 ಎಂಬಿಯ ರಾ ಫೋಟೋ (ಕ್ಯಾಮೆರಾದ ಕಚ್ಚಾ ಫೈಲ್) ಆದರೆ ಒಂದು ಡಿವಿಡಿಗೆ ಇನ್ನೂರೂ ಹಿಡಿಯುವುದಿಲ್ಲ. ಸ್ಟುಡಿಯೋದವರು 25 ಜಿಬಿಯ ಬ್ಲೂರೇ ನೋಡಬಹುದು, ಅದಕ್ಕೆ ಬೇರೆ ಡ್ರೈವ್ ಬೇಕು. ಕೊಳ್ಳುವಾಗ ಬ್ಲೂರೇ ಡಿಸ್ಕಿನ ಮೇಲೆ 'ಎಲ್‌ಟಿಎಚ್' ಅಂತಿದ್ದರೆ ಬಿಡಿ. ಅದರಲ್ಲಿರುವುದೂ ಸಿಡಿ-ಆರ್‌ನಲ್ಲಿರುವಂಥ, ಬಿಸಿಲಿಗೆ ಆಗದ ಬಣ್ಣದ ಪದರವೇ.

ಈ ಸಿಡಿ ನೋಡಿ. ಎಲ್ಲರೂ ಕೆಳಗಿನ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತಾರೆ. ಆದರೆ ಸಿಡಿಯಲ್ಲಿ ಕನ್ನಡಿಯಂಥ ಲೋಹದ ಪದರ ಇರುವುದು ಹೆಸರು ಬರೆಯುವ ಮೇಲಿನ ಬದಿಯಲ್ಲಿ, ತೆಳು ವಾರ್ನಿಶ್ಶಿನ ಕೆಳಗೇ. ಅಲ್ಲಿ ಗೀರು ಬಿದ್ದರೆ ಡೇಟಾ ಹೋದಂತೆಯೇ. ಟ್ಯೂಬ್‌ಲೈಟಿಗೆ ಹಿಡಿದೆ ನೋಡಿ, ಸೂಜಿ ಚುಚ್ಚಿದ ಹಾಗೆ ಬೆಳಕು ಕಾಣುತ್ತದಲ್ಲ, ಅಷ್ಟೂ ಕಡೆ ಪದರ ಎದ್ದು ಹೋಗಿದೆ. ಕೆಳಗಿನ ಬದಿಯ ಸಣ್ಣ ಗೀರನ್ನಾದರೂ ತಿಕ್ಕಿ ಸರಿಮಾಡಬಹುದು, ಇದನ್ನು ಆಗುವುದಿಲ್ಲ. ಡಿವಿಡಿಯಲ್ಲಿ ಈ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಸ್ವಲ್ಪ ಭದ್ರ. ಬಾಲ್‌ಪೆನ್ ಅಂತೂ ಬೇಡವೇ ಬೇಡ. ಅಂಟಿಸುವ ಲೇಬಲ್ಲೂ ಬೇಡ, ಸುಮ್ನೆ ತೂಕ ತಪ್ಪಿ ಡಿಸ್ಕ್ ಅದುರುತ್ತದೆ.

ಬರೆದ ಮೇಲೆ 'ವೆರಿಫೈ', ಅಂದರೆ ಸರಿಯಾಗಿ ಬರೆದಿದೆಯೋ ಅಂತ ತಾಳೆ ನೋಡುವುದನ್ನು, ಬಿಡಬೇಡಿ, ಐದು ನಿಮಿಷ ಜಾಸ್ತಿ ಹೋದರೆ ಹೋಗಲಿ. ಎರಡು ಪ್ರತಿ ಮಾಡಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಂತೂ ಇಡಬೇಡಿ.

ಪ್ರೆಸ್ಸಿನವರಿಗೆ ಇನ್ನೊಂದು ಮಾತು. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫೈಲ್‌ಗಳ ಜೊತೆ ಆ ಫಾಂಟನ್ನೂ ಅದೇ ಡಿಸ್ಕಿಗೆ ಹಾಕಿ. ಇಲ್ಲದಿದ್ದರೆ ಲಗ್ನಪತ್ರಿಕೆ ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವೇ ಬರುವುದಿಲ್ಲ, ಯುಎಸ್‌ಬಿಗೆ ಜೋಡಿಸುವ ಒಂದು ಡ್ರೈವನ್ನೂ ಕೊಂಡು ಇಟ್ಟುಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆ ಕೇಳಿ.